ಬೇಲಿಯೇ ಹೊಲ ಮೇಯ್ದಾಗ

ಬಿಸಿ ಕಾಫಿಯನ್ನು ಅವಸರದಲ್ಲಿ ಕುಡಿದು ನಾಲಗೆಯನ್ನು ಸುಟ್ಟುಕೊಳ್ಳದವರು ಯಾರು? ಊಟದ ನಡುವೆ ಮಾತಿಗೆ ತೊಡಗಿ ಕೆನ್ನೆಯ ಒಳಭಾಗವನ್ನು ಕಚ್ಚಿಕೊಳ್ಳದವರು ಯಾರು? ಇಂತಹ ಗಾಯಗಳು ಎರಡು ದಿನ ಕಾಡುತ್ತವೆ. ಉಪ್ಪುಖಾರ ತಗುಲಿದಾಗ ಚುರುಗುಟ್ಟುತ್ತವೆ. ಒಂದೆರಡು ವಾರಗಳಲ್ಲಿ ಗುರುತೂ ಉಳಿಯದಂತೆ ಮಾಯವಾಗುತ್ತವೆ. ಬಾಯಿಯ ಒಳಪೊರೆ ಹೊರಗಿನ ಚರ್ಮಕ್ಕಿಂತಲೂ ಬೇಗ ಹೊಸದಾಗುತ್ತದೆ. ಹಳೆಯ ಜೀವಕೋಶಗಳು ಉದುರಿ, ಅವುಗಳ ಸ್ಥಾನಕ್ಕೆ ಕೆಳಗಿನಿಂದ ಹೊಸ ಜೀವಕೋಶಗಳು ಏರಿಬರುವ ಕಾರ್ಯ ಅಲ್ಲಿ ಹಗಲಿರುಳೂ ನಡೆಯುತ್ತಿರುತ್ತದೆ. ಆದುದರಿಂದಲೇ ಬಾಯಿಹುಣ್ಣನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ.

ಆದರೆ ವಾಸಿಯಾಗದ ಹುಣ್ಣೂ ಒಂದುಂಟು. ನಡುವಯಸ್ಸಿನ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳಿ. ಕೆನ್ನೆಯ ಒಳಗೆ ನೀರು ತುಂಬಿದ ತೆಳುವಾದ ಗುಳ್ಳೆಯೊಂದು ಏಳುತ್ತದೆ. ಅದು ಕೆಲವು ಗಂಟೆಗಳಲ್ಲಿಯೇ ಒಡೆದು, ಸಿಪ್ಪೆ ಸುಲಿದಂತಹ ಕೆಂಪು ಗಾಯವಾಗುತ್ತದೆ. ಅದು ಮಾಯುವ ಮೊದಲೇ ಅಂಗುಳಿನಲ್ಲಿ ಮತ್ತೊಂದು, ತುಟಿಯ ಒಳಗೆ ಇನ್ನೊಂದು. ರೊಟ್ಟಿಯ ಚೂರು ಮುಳ್ಳಿನಂತೆ ಚುಚ್ಚುತ್ತದೆ. ಸಾರಿನ ಹುಳಿ ಬೆಂಕಿಯಂತೆ ಸುಡುತ್ತದೆ. ಕೊನೆಗೆ ನೀರು ನುಂಗುವುದೂ ಕಷ್ಟವಾಗುತ್ತದೆ. ದೇಹದ ಉಷ್ಣದಿಂದ ಹೀಗಾಗಿದೆ ಎಂದು ಒಬ್ಬರು ಹೇಳುತ್ತಾರೆ. ಜೀವಸತ್ವದ ಕೊರತೆ ಎಂದು ಮತ್ತೊಬ್ಬರು ಮಾತ್ರೆ ಕೊಡುತ್ತಾರೆ. ತಿಂಗಳುಗಳು ಉರುಳುತ್ತವೆ, ಹುಣ್ಣು ಮಾತ್ರ ಹಾಗೆಯೇ ಉಳಿಯುತ್ತದೆ. ವೈದ್ಯರು ಈ ರೋಗವನ್ನು ಪೆಂಫಿಗಸ್ ಎಂದು ಕರೆಯುತ್ತಾರೆ. ಗುಳ್ಳೆ ಎಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಈ ಹೆಸರು ಬಂದಿದೆ.

ಈ ಗುಳ್ಳೆಯನ್ನು ಎಬ್ಬಿಸುವುದು ಯಾವುದು? ಹೊರಗಿನಿಂದ ಬಂದ ರೋಗಾಣುವಲ್ಲ, ವಿಷವೂ ಅಲ್ಲ. ನಮ್ಮನ್ನು ರೋಗಾಣುಗಳಿಂದ ಕಾಪಾಡಲೆಂದು ನಮ್ಮ ದೇಹವೇ ನಿರ್ಮಿಸುವ ವಸ್ತುವೊಂದು ದಾರಿ ತಪ್ಪಿ ಈ ಕೇಡನ್ನು ಮಾಡುತ್ತದೆ. ಇದನ್ನು ಊಹಿಸಿ ಹೇಳುವುದು ಸುಲಭ. ಸಿದ್ಧಪಡಿಸಿ ತೋರಿಸುವುದು ಕಷ್ಟ. ಆ ಸಾಧನೆಯ ಕಥೆಯನ್ನು ಈಗ ನೋಡೋಣ.

ಮೊದಲು ಬಾಯಿಯ ಒಳಪೊರೆಯ ರಚನೆಯನ್ನು ಅರಿಯಬೇಕು. ಬರಿಗಣ್ಣಿಗೆ ಅದು ನುಣುಪಾದ, ತೇವವುಳ್ಳ, ಕೆಂಪು ಹೊದಿಕೆಯಂತೆ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಒಂದರ ಮೇಲೊಂದು ಜೋಡಿಸಿದ ಜೀವಕೋಶಗಳ ಅನೇಕ ಸಾಲುಗಳಿಂದ ಕೂಡಿದೆ. ಎಲ್ಲಕ್ಕಿಂತ ಕೆಳಗಿನ ಸಾಲು ತಳಪೊರೆ ಎಂಬ ತೆಳುವಾದ ಹಾಸಿನ ಮೇಲೆ ನಿಂತಿದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಬಾಲಕರು ಕೈಕೈ ಹಿಡಿದು, ಪಾದಗಳನ್ನು ನೆಲಕ್ಕೆ ಬಲವಾಗಿ ಊರಿ ನಿಂತಿರುವ ದೃಶ್ಯವನ್ನು ನೆನೆಯಿರಿ. ಒಳಪೊರೆಯ ಜೀವಕೋಶಗಳು ನಿಂತಿರುವುದೂ ಹಾಗೆಯೇ. ಅಕ್ಕಪಕ್ಕದ ಕೋಶಗಳನ್ನು ಅವು ‘ಕೈ’ಗಳಿಂದ ಹಿಡಿದುಕೊಂಡಿವೆ, ತಳಪೊರೆಯನ್ನು ‘ಪಾದ’ಗಳಿಂದ ಕಚ್ಚಿಕೊಂಡಿವೆ. ಕೈಗಳು ಹಿಡಿದಿರುವ ಗಂಟಿಗೆ ಡೆಸ್ಮೊಸೋಮ್ ಎಂದು ಹೆಸರು. ಅದರಲ್ಲಿರುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನು ಒಂದು ಕೋಶದಿಂದ ಹೊರಚಾಚಿ, ನೆರೆಯ ಕೋಶದಿಂದ ಚಾಚಿದ ಅಂತಹುದೇ ಪ್ರೋಟೀನುಗಳೊಡನೆ ಹೆಣೆದುಕೊಳ್ಳುತ್ತದೆ. ನಾವು ಕಡಲೆಯನ್ನು ಕಡಿದು ನುಂಗಿದರೂ ಒಳಪೊರೆ ಹರಿಯದೆ ಉಳಿಯುವುದು ಈ ಹಿಡಿತಗಳ ಬಲದಿಂದಲೇ.

ಇನ್ನು ದೇಹದ ಕಾವಲುಗಾರರ ವಿಚಾರ. ರೋಗಾಣುವೊಂದು ದೇಹವನ್ನು ಹೊಕ್ಕಾಗ ನಮ್ಮ ರಕ್ತದ ಒಂದು ಜಾತಿಯ ಬಿಳಿಯ ಕಣಗಳು ಅದನ್ನು ಗುರುತಿಸಿ, ಅದಕ್ಕೆ ಸರಿಯಾಗಿ ಅಂಟಿಕೊಳ್ಳುವ ಪ್ರೋಟೀನುಗಳನ್ನು ತಯಾರಿಸುತ್ತವೆ. ಇವೇ ಪ್ರತಿಕಾಯಗಳು. ಪ್ರತಿಕಾಯದ ಆಕಾರ ಕವೆಗೋಲಿನಂತೆ. ಅದರ ಎರಡು ತುದಿಗಳು ಬೀಗಕ್ಕೆ ಬೀಗದ ಕೈ ಹೊಂದುವಂತೆ ಒಂದು ನಿರ್ದಿಷ್ಟ ಗುರಿಗೆ ಮಾತ್ರ ಹೊಂದುತ್ತವೆ. ಅದರ ಗಾತ್ರ ಸುಮಾರು ಒಂದು ಮಿಲಿಮೀಟರಿನ ಒಂದು ಲಕ್ಷದ ಒಂದು ಭಾಗ. ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರದಿರುವುದಕ್ಕೂ, ಲಸಿಕೆಗಳು ಫಲ ಕೊಡುವುದಕ್ಕೂ ಪ್ರತಿಕಾಯಗಳ ನೆರವು ಮುಖ್ಯ ಕಾರಣ.

ಪರಕೀಯರನ್ನು ಹೊಡೆಯುವ ಕಾವಲುಗಾರನು ತನ್ನವರನ್ನು ಹೊಡೆಯನೆ? ಜರ್ಮನಿಯ ಮಹಾವಿಜ್ಞಾನಿ ಪಾಲ್ ಎರ್ಲಿಕ್ 20ನೆಯ ಶತಮಾನದ ಆರಂಭದಲ್ಲಿಯೇ ಈ ಪ್ರಶ್ನೆಯನ್ನು ಎತ್ತಿದನು. ತನಗೆ ತಾನೇ ವಿಷವಾಗುವುದಕ್ಕೆ ದೇಹವು ಅಂಜುತ್ತದೆ, ಅದನ್ನು ತಡೆಯುವ ಏರ್ಪಾಡು ದೇಹದಲ್ಲಿಯೇ ಇದೆ ಎಂದು ಆತನು ತಿಳಿದನು. ಸಾಮಾನ್ಯವಾಗಿ ಇದು ನಿಜ. ತನ್ನದನ್ನೇ ಗುರಿಮಾಡುವ ಬಿಳಿಯ ಕಣಗಳನ್ನು ದೇಹವು ಬಹುಮಟ್ಟಿಗೆ ನಾಶಮಾಡುತ್ತದೆ, ಇಲ್ಲವೆ ಅಡಗಿಸಿಡುತ್ತದೆ. ಆದರೆ 1904ರಲ್ಲಿ ವಿಯೆನ್ನಾದ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್ ಎಂಬವರು, ರೋಗಿಯ ರಕ್ತದಲ್ಲಿರುವ ವಸ್ತುವೇ ಆತನ ಕೆಂಪು ರಕ್ತಕಣಗಳನ್ನು ಒಡೆಯುವ ರೋಗವೊಂದನ್ನು ತೋರಿಸಿಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಮಾನವ ದೇಹಕ್ಕೂ ಸಲ್ಲುತ್ತದೆ ಎಂಬುದು ಆಗ ತಿಳಿಯಿತು. ತನ್ನ ದೇಹದ ಅಂಶವನ್ನೇ ಹಿಡಿಯುವ ಇಂತಹ ಪ್ರತಿಕಾಯವನ್ನು ಸ್ವಪ್ರತಿಕಾಯವೆಂದು ಕರೆಯುತ್ತಾರೆ.

ಪೆಂಫಿಗಸ್ ರೋಗಕ್ಕೂ ಸ್ವಪ್ರತಿಕಾಯಕ್ಕೂ ಸಂಬಂಧವಿದೆ ಎಂಬುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ವೈದ್ಯರು ಮೊದಲು ಕಣ್ಣಿಗೆ ಕಂಡುದನ್ನು ಗುರುತಿಸುತ್ತ ಬಂದರು. ರಷ್ಯದ ವೈದ್ಯ ನಿಕೋಲ್ಸ್ಕಿ 1896ರಲ್ಲಿ ಒಂದು ಲಕ್ಷಣವನ್ನು ವರ್ಣಿಸಿದನು. ಈ ರೋಗಿಗಳ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಉಜ್ಜಿದರೆ ಮೇಲಿನ ಪದರ ಜಾರಿ ಸುಲಿದುಬರುತ್ತಿತ್ತು. 1943ರಲ್ಲಿ ಫ್ರಾನ್ಸಿನ ಸಿವಾಟ್ ಎಂಬವನು ಗುಳ್ಳೆಯ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಜೀವಕೋಶಗಳು ಪರಸ್ಪರ ಹಿಡಿತವನ್ನು ಕಳೆದುಕೊಂಡು ಬಿಡಿಬಿಡಿಯಾಗಿರುವುದನ್ನು ಸ್ಪಷ್ಟಪಡಿಸಿದನು. 1953ರಲ್ಲಿ ಅಮೆರಿಕದ ವಾಲ್ಟರ್ ಲೀವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಅಲ್ಲಿಯವರೆಗೆ ಪೆಂಫಿಗಸ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ರೋಗಗಳು ಸೇರಿಹೋಗಿದ್ದುವು. ಒಂದರಲ್ಲಿ ಜೀವಕೋಶಗಳ ನಡುವೆಯೇ ಬಿರುಕು ಮೂಡುತ್ತದೆ. ಕೆಳಗಿನ ಸಾಲು ಮಾತ್ರ ತಳಪೊರೆಯ ಮೇಲೆ ನೆಟ್ಟ ಕಲ್ಲುಗಳಂತೆ ಉಳಿಯುತ್ತದೆ. ಇನ್ನೊಂದರಲ್ಲಿ ಜೀವಕೋಶಗಳು ಒಟ್ಟಾಗಿಯೇ ಇದ್ದು, ಇಡೀ ಹೊದಿಕೆ ತಳಪೊರೆಯಿಂದ ಮೇಲೇಳುತ್ತದೆ. ಮೊದಲನೆಯದು ಪೆಂಫಿಗಸ್, ಎರಡನೆಯದಕ್ಕೆ ಲೀವರ್ ಪೆಂಫಿಗಾಯ್ಡ್ ಎಂಬ ಹೆಸರನ್ನು ಕೊಟ್ಟನು. ನಮ್ಮ ಹೋಲಿಕೆಯಲ್ಲಿ ಹೇಳುವುದಾದರೆ, ಒಂದರಲ್ಲಿ ಸಡಿಲವಾಗುವುದು ಕೈ, ಇನ್ನೊಂದರಲ್ಲಿ ಪಾದ.

ಹಿಡಿತ ಎಲ್ಲಿ ಸಡಿಲವಾಗುತ್ತದೆ ಎಂಬುದು ತಿಳಿಯಿತು. ಸಡಿಲಗೊಳಿಸುವವರು ಯಾರು? ಇದನ್ನು ಪತ್ತೆಹಚ್ಚಲು ಬೇರೊಂದು ಉದ್ದೇಶಕ್ಕಾಗಿ ಕಂಡುಹಿಡಿದ ಉಪಾಯವೊಂದು ನೆರವಿಗೆ ಬಂದಿತು. 1941ರಲ್ಲಿ ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್, ಪ್ರತಿಕಾಯಗಳಿಗೆ ಹೊಳೆಯುವ ಬಣ್ಣವನ್ನು ಅಂಟಿಸುವ ವಿಧಾನವನ್ನು ರೂಪಿಸಿದ್ದನು. ಇಂತಹ ಪ್ರತಿಕಾಯ ಎಲ್ಲಿ ಅಂಟಿಕೊಂಡಿದೆಯೋ ಆ ಸ್ಥಳವು ಅತಿನೇರಳೆ ಬೆಳಕಿನಲ್ಲಿ ಮಿನುಗುತ್ತದೆ. 1964ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಅರ್ನೆಸ್ಟ್ ಬಾಯ್ಟ್ನರ್ ಮತ್ತು ರಾಬರ್ಟ್ ಜೋರ್ಡನ್ ಎಂಬವರು ಈ ವಿಧಾನವನ್ನು ಪೆಂಫಿಗಸ್ ರೋಗಕ್ಕೆ ಅನ್ವಯಿಸಿದರು. ರೋಗಿಯ ರಕ್ತದ್ರವವನ್ನು ಅಂಗಾಂಶದ ತೆಳುವಾದ ಪದರದ ಮೇಲೆ ಸುರಿದು, ಅನಂತರ ಮಾನವ ಪ್ರತಿಕಾಯಗಳನ್ನು ಹುಡುಕಿ ಹಿಡಿಯುವ ಬಣ್ಣದ ದ್ರವವನ್ನು ಹಾಕಿದರು. ಕತ್ತಲೆಯ ಹಿನ್ನೆಲೆಯಲ್ಲಿ ಹಸಿರು ಬೆಳಕು ಮೀನಿನ ಬಲೆಯಂತೆ ಮೂಡಿತು. ಬಲೆಯ ಒಂದೊಂದು ಕಣ್ಣೂ ಒಂದೊಂದು ಜೀವಕೋಶ. ಬಲೆಯ ದಾರವೇ ಕೋಶ ಕೋಶಗಳು ಕೂಡುವ ಎಡೆ. ರೋಗಿಯ ರಕ್ತದಲ್ಲಿ ಸ್ವಪ್ರತಿಕಾಯಗಳಿದ್ದುವು. ಅವು ನೇರವಾಗಿ ಹೋಗಿ ಕೈಗಳನ್ನೇ ಹಿಡಿದಿದ್ದುವು. 1967ರಲ್ಲಿ ಪೆಂಫಿಗಾಯ್ಡ್ ರೋಗಿಗಳ ರಕ್ತವನ್ನೂ ಹೀಗೆಯೇ ಪರೀಕ್ಷಿಸಿದಾಗ ಬಲೆ ಕಾಣಲಿಲ್ಲ. ತಳಪೊರೆಯ ಉದ್ದಕ್ಕೂ ಒಂದೇ ಗೆರೆ ಹೊಳೆಯಿತು. ಬಲೆ ಮತ್ತು ಗೆರೆ ಎಂಬ ಈ ಎರಡು ಚಿತ್ರಗಳು ಇಂದಿಗೂ ವೈದ್ಯರಿಗೆ ರೋಗನಿರ್ಣಯದ ದಾರಿದೀಪಗಳಾಗಿವೆ. ಒಳಪೊರೆಯಂತೆಯೇ ಬಹುಪದರಗಳುಳ್ಳ ಕೋತಿಯ ಅನ್ನನಾಳವನ್ನು ಈ ಪರೀಕ್ಷೆಗೆ ಈಗಲೂ ಬಳಸುವುದುಂಟು.

ಇಷ್ಟರಿಂದ ಸ್ವಪ್ರತಿಕಾಯವೇ ಅಪರಾಧಿ ಎಂದು ತೀರ್ಮಾನಿಸಬಹುದೆ? ಕೂಡದು. ಮನೆಗೆ ಬೆಂಕಿ ಬಿದ್ದಾಗ ಅಲ್ಲಿ ನಿಂತವನೇ ಬೆಂಕಿ ಹಚ್ಚಿದವನೆಂದು ಹೇಳಲಾದೀತೆ? ಅವನು ಬೆಂಕಿ ಆರಿಸಲು ಬಂದವನೂ ಆಗಿರಬಹುದು. ಗುಳ್ಳೆ ಎದ್ದು ಜೀವಕೋಶಗಳು ಹಾಳಾದ ಮೇಲೆ ಪ್ರತಿಕಾಯಗಳು ಹುಟ್ಟಿಕೊಂಡಿರಬಹುದಲ್ಲವೆ? ಈ ಸಂದೇಹವನ್ನು ನಿವಾರಿಸಲು ವಿಜ್ಞಾನಿಗಳು ಒಂದೊಂದಾಗಿ ಸಾಕ್ಷ್ಯಗಳನ್ನು ಕೂಡಿಹಾಕಬೇಕಾಯಿತು.

1976ರಲ್ಲಿ ಶಿಲ್ಟ್ಸ್ ಮತ್ತು ಮಿಶೆಲ್ ಎಂಬ ಸಂಶೋಧಕರು ಆರೋಗ್ಯವಂತರ ಚರ್ಮದ ತುಣುಕುಗಳನ್ನು ಪ್ರಯೋಗಶಾಲೆಯ ಪಾತ್ರೆಗಳಲ್ಲಿ ಜೀವಂತವಾಗಿರಿಸಿ, ಅದಕ್ಕೆ ಪೆಂಫಿಗಸ್ ರೋಗಿಗಳ ಪ್ರತಿಕಾಯಗಳನ್ನು ಬೆರೆಸಿದರು. ಜೀವಕೋಶಗಳು ಒಂದರಿಂದೊಂದು ಬೇರ್ಪಟ್ಟುವು. 1982ರಲ್ಲಿ ಅನ್‌ಹಾಲ್ಟ್, ಡಯಾಸ್ ಮತ್ತು ಅವರ ಸಂಗಡಿಗರು ಅದೇ ಪ್ರತಿಕಾಯಗಳನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. ಮರಿಗಳ ಚರ್ಮದಲ್ಲಿ ಗುಳ್ಳೆಗಳೆದ್ದುವು. ಆರೋಗ್ಯವಂತರಿಂದ ಪಡೆದ ಪ್ರತಿಕಾಯಗಳನ್ನು ಚುಚ್ಚಿದ ಮರಿಗಳಿಗೆ ಏನೂ ಆಗಲಿಲ್ಲ. ಪ್ರತಿಕಾಯವೊಂದನ್ನು ಬಿಟ್ಟು ಉಳಿದುದೆಲ್ಲವೂ ಸಮನಾಗಿದ್ದರೂ ಫಲ ಬೇರೆಯಾಯಿತು. ಆದುದರಿಂದ ಕಾರಣವು ಆ ಪ್ರತಿಕಾಯವೇ ಆಗಿರಬೇಕಲ್ಲದೆ ಬೇರೆಯಿಲ್ಲ.

ಇದೇ ಪ್ರಯೋಗವನ್ನು ನಿಸರ್ಗವೂ ಕೆಲವೊಮ್ಮೆ ನಡೆಸುತ್ತದೆ. ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಮಾಸಿನ ಮೂಲಕ ಗರ್ಭದಲ್ಲಿರುವ ಶಿಶುವಿಗೆ ಹರಿದುಹೋಗುತ್ತವೆ. ಹೊಸದಾಗಿ ಹುಟ್ಟಿದ ಮಗುವಿಗೆ ತಾಯಿ ಕೊಡುವ ಮೊದಲ ಕಾಣಿಕೆ ಅದು. ರೋಗಾಣುಗಳ ವಿರುದ್ಧ ಅದಕ್ಕೆ ದೊರೆಯುವ ಮೊದಲ ರಕ್ಷೆ. ಆದರೆ ತಾಯಿಗೆ ಪೆಂಫಿಗಸ್ ಇದ್ದರೆ ಆ ಕಾಣಿಕೆಯೊಡನೆ ಕೇಡೂ ಸಾಗಬಹುದು. ಅಂತಹ ಶಿಶುಗಳು ಕೆಲವು ಮೈಮೇಲೆ ಗುಳ್ಳೆಗಳೊಡನೆ ಹುಟ್ಟುತ್ತವೆ. ಸಮಾಧಾನದ ಸಂಗತಿಯೆಂದರೆ, ಕೆಲವು ವಾರಗಳಲ್ಲಿ ಗುಳ್ಳೆಗಳು ತಾವಾಗಿಯೇ ಮಾಯುತ್ತವೆ. ಈ ಜಾತಿಯ ಪ್ರತಿಕಾಯಗಳ ಪ್ರಮಾಣ ಸುಮಾರು ಮೂರು ವಾರಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ; ಶಿಶುವಿನ ದೇಹ ಹೊಸದನ್ನು ತಯಾರಿಸುವುದಿಲ್ಲ. ಪ್ರತಿಕಾಯ ಬಂದಾಗ ರೋಗ ಬಂದಿತು. ಅದು ಹೋದಾಗ ರೋಗವೂ ಹೋಯಿತು. ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇರೇನು ಬೇಕು? ಆದರೂ ಇಲ್ಲೊಂದು ಒಗಟಿದೆ. ರೋಗವು ತಾಯಿಯ ಬಾಯಿಯಲ್ಲಿ ಮಾತ್ರ ಇದ್ದು, ಶಿಶುವಿನ ಚರ್ಮದ ಮೇಲೆ ಗುಳ್ಳೆಗಳು ಕಾಣಿಸಿಕೊಂಡದ್ದುಂಟು. ಒಂದೇ ಪ್ರತಿಕಾಯ ಇಬ್ಬರಲ್ಲಿ ಎರಡು ಸ್ಥಳಗಳನ್ನು ಹಿಡಿದುದೇಕೆ?

ಈ ಒಗಟು ಬಿಡಿಸಲು ಪ್ರತಿಕಾಯದ ಗುರಿ ಯಾವುದೆಂದು ನಿಖರವಾಗಿ ತಿಳಿಯಬೇಕಾಗಿತ್ತು. 1991ರಲ್ಲಿ ಜಪಾನಿನ ಮಸಾಯುಕಿ ಅಮಗಾಯ್ ಎಂಬ ತರುಣ ವೈದ್ಯನು ಅಮೆರಿಕದಲ್ಲಿ ಜಾನ್ ಸ್ಟ್ಯಾನ್ಲಿಯೊಡನೆ ಕೆಲಸ ಮಾಡುತ್ತ ಆ ಗುರಿಯನ್ನು ಗುರುತಿಸಿದನು. ಅದೇ ಡೆಸ್ಮೊಗ್ಲೀನ್ 3. 1994ರಲ್ಲಿ ಅವರು ಪ್ರಯೋಗಶಾಲೆಯಲ್ಲಿ ತಯಾರಿಸಿದ ಈ ಪ್ರೋಟೀನಿಗೆ ರೋಗಿಗಳ ಪ್ರತಿಕಾಯಗಳನ್ನು ಅಂಟಿಸಿ ಬೇರ್ಪಡಿಸಿದರು. ಉಳಿದ ದ್ರವಕ್ಕೆ ಇಲಿಮರಿಗಳಲ್ಲಿ ಪೆಂಫಿಗಸ್ಸಿನ ಗುಳ್ಳೆ ಎಬ್ಬಿಸುವ ಶಕ್ತಿ ಇರಲಿಲ್ಲ. 1997ರಲ್ಲಿ ಇನ್ನೊಂದು ಸಾಕ್ಷ್ಯ ದೊರೆಯಿತು. ಹುಟ್ಟಿನಿಂದಲೇ ಡೆಸ್ಮೊಗ್ಲೀನ್ 3 ಇಲ್ಲದ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿದಾಗ, ಪ್ರತಿಕಾಯದ ಸೋಂಕೇ ಇಲ್ಲದಿದ್ದರೂ ಅವುಗಳ ಬಾಯಿಯಲ್ಲಿ ಪೆಂಫಿಗಸ್ಸಿನಂತಹ ಗಾಯಗಳಾದುವು.

ಡೆಸ್ಮೊಗ್ಲೀನಿನಲ್ಲಿ ಹಲವು ಬಗೆಗಳಿವೆ. ನಮ್ಮ ಕಥೆಗೆ ಸಂಬಂಧಿಸಿದವು 1 ಮತ್ತು 3 ಎಂಬ ಎರಡು. ಇವನ್ನು ಬಲಗೈ ಎಡಗೈಗಳೆಂದು ಭಾವಿಸೋಣ. ಚರ್ಮದ ಕೆಳಸಾಲುಗಳಲ್ಲಿ ಜೀವಕೋಶಗಳು ಎರಡು ಕೈಗಳಿಂದಲೂ ಹಿಡಿದುಕೊಂಡಿವೆ. ಮೇಲಿನ ಸಾಲುಗಳು ಹೆಚ್ಚಾಗಿ ಡೆಸ್ಮೊಗ್ಲೀನ್ 1 ಎಂಬ ಕೈಯನ್ನೇ ನಂಬಿವೆ. ಬಾಯಿಯ ಒಳಪೊರೆಯಲ್ಲಿ ಹೀಗಲ್ಲ. ಅಲ್ಲಿ ಡೆಸ್ಮೊಗ್ಲೀನ್ 3 ಎಲ್ಲ ಸಾಲುಗಳಲ್ಲಿಯೂ ಸಮೃದ್ಧವಾಗಿದೆ. ಡೆಸ್ಮೊಗ್ಲೀನ್ 1 ಅತ್ಯಲ್ಪ. ರೋಗಿಯ ರಕ್ತದಲ್ಲಿ ಡೆಸ್ಮೊಗ್ಲೀನ್ 3ರ ವಿರುದ್ಧ ಮಾತ್ರ ಪ್ರತಿಕಾಯಗಳಿವೆ ಎನ್ನಿ. ಚರ್ಮದಲ್ಲಿ ಒಂದು ಕೈ ಬಿಟ್ಟರೂ ಇನ್ನೊಂದು ಕೈ ಹಿಡಿದುಕೊಂಡಿರುತ್ತದೆ, ಗುಳ್ಳೆ ಏಳುವುದಿಲ್ಲ. ಬಾಯಿಯಲ್ಲಾದರೋ ಇದ್ದ ಒಂದು ಕೈಯೇ ತಪ್ಪಿತು, ಜೀವಕೋಶಗಳು ಚದುರಿದುವು. ಮುಂದೆ ಡೆಸ್ಮೊಗ್ಲೀನ್ 1ರ ವಿರುದ್ಧವೂ ಪ್ರತಿಕಾಯಗಳು ಹುಟ್ಟಿದರೆ ರೋಗವು ಚರ್ಮಕ್ಕೂ ಹರಡುತ್ತದೆ. ಡೆಸ್ಮೊಗ್ಲೀನ್ 1ರ ವಿರುದ್ಧ ಮಾತ್ರ ಪ್ರತಿಕಾಯಗಳಿರುವ ಇನ್ನೊಂದು ಬಗೆಯ ಪೆಂಫಿಗಸ್ಸಿನಲ್ಲಿ ಚರ್ಮದ ಮೇಲುಪದರ ಸುಲಿಯುತ್ತದೆ, ಬಾಯಿ ಮಾತ್ರ ಕ್ಷೇಮವಾಗಿರುತ್ತದೆ. ಸಾಮಾನ್ಯ ಪೆಂಫಿಗಸ್ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಬಾಯಿಯಲ್ಲಿಯೇ ಮೊದಲು ತಲೆದೋರುವುದರ ಗುಟ್ಟು ಇದೇ.

ತಾಯಿ ಮಗುವಿನ ಒಗಟೂ ಈಗ ಬಿಡಿಸಿಕೊಳ್ಳುತ್ತದೆ. ಆಗತಾನೇ ಹುಟ್ಟಿದ ಶಿಶುವಿನ ಚರ್ಮದಲ್ಲಿ ಡೆಸ್ಮೊಗ್ಲೀನ್ 3 ಹರಡಿರುವ ರೀತಿ ದೊಡ್ಡವರ ಚರ್ಮವನ್ನು ಹೋಲುವುದಿಲ್ಲ. ಬಾಯಿಯ ಒಳಪೊರೆಯನ್ನು ಹೋಲುತ್ತದೆ. ತಾಯಿಯ ಬಾಯಿಯನ್ನು ನೋಯಿಸಿದ ಪ್ರತಿಕಾಯ ಶಿಶುವಿನ ಚರ್ಮವನ್ನು ನೋಯಿಸಿದುದು ಅದರಿಂದಲೇ.

ಅಷ್ಟು ಸಣ್ಣದಾದ ಪ್ರತಿಕಾಯ ಬಲವಾದ ಹಿಡಿತವನ್ನು ಬಿಡಿಸುವುದು ಹೇಗೆ? ಎರಡು ರೀತಿಗಳಲ್ಲಿ. ಮೊದಲನೆಯದಾಗಿ, ಕೈ ಕುಲುಕಲು ಬಂದ ಇಬ್ಬರ ನಡುವೆ ಮೂರನೆಯವನು ತೂರಿ ನಿಂತಂತೆ, ಅದು ಎರಡು ಕೋಶಗಳ ಡೆಸ್ಮೊಗ್ಲೀನುಗಳು ಕೂಡದಂತೆ ತಡೆಯುತ್ತದೆ. ಎರಡನೆಯದಾಗಿ, ಅದು ಅಂಟಿಕೊಂಡಾಗ ಜೀವಕೋಶದ ಒಳಗೆ ತಪ್ಪು ಸಂಕೇತಗಳು ಹರಿದು, ಕೋಶವು ತನ್ನ ಡೆಸ್ಮೊಗ್ಲೀನುಗಳನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಹಿಡಿತ ತಪ್ಪಿದ ಎಡೆಯಲ್ಲಿ ದ್ರವ ತುಂಬಿ ಗುಳ್ಳೆಯಾಗುತ್ತದೆ. ಅದರ ಹೊದಿಕೆ ಕೆಲವೇ ಕೋಶಸಾಲುಗಳಷ್ಟು ತೆಳು. ಆದುದರಿಂದ ಅದು ಜೋಲಾಗಿದ್ದು, ಅನ್ನದ ಅಗುಳು ತಗುಲಿದರೂ ಒಡೆಯುತ್ತದೆ. ಎಷ್ಟೋ ರೋಗಿಗಳು ತಮ್ಮ ಬಾಯಿಯಲ್ಲಿ ಗುಳ್ಳೆಯನ್ನು ಕಂಡೇ ಇರುವುದಿಲ್ಲ. ಗಾಯವನ್ನು ಮಾತ್ರ ಕಂಡಿರುತ್ತಾರೆ.

ಬಾಯಿಯ ಪೆಂಫಿಗಾಯ್ಡ್ ರೋಗದ ದಾರಿ ಬೇರೆ. ಅಲ್ಲಿ ಪ್ರತಿಕಾಯಗಳ ಗುರಿ ಪಾದಗಳು. ಎಂದರೆ ಕೊಲಾಜೆನ್ 17, ಲ್ಯಾಮಿನಿನ್ 332 ಮೊದಲಾದ ಪ್ರೋಟೀನುಗಳು. ಪೆಂಫಿಗಸ್ಸಿನ ಪ್ರತಿಕಾಯ ಯಾರ ನೆರವೂ ಇಲ್ಲದೆ ಕೇಡು ಮಾಡಬಲ್ಲುದು. ಪೆಂಫಿಗಾಯ್ಡ್ ರೋಗದಲ್ಲಿಯಾದರೋ ಅವು ಸಾಮಾನ್ಯವಾಗಿ ಬಿಳಿಯ ರಕ್ತಕಣಗಳನ್ನು ಕೂಗಿ ಕರೆಯುತ್ತವೆ; ಅವು ಸುರಿಸುವ ರಸಗಳು ತಳದ ಹಿಡಿತವನ್ನು ಕತ್ತರಿಸುತ್ತವೆ. ಮೇಲೆದ್ದ ಹೊದಿಕೆ ಒಳಪೊರೆಯ ಪೂರ್ಣ ದಪ್ಪದ್ದಾದ ಕಾರಣ ಈ ಗುಳ್ಳೆ ಬಿಗಿಯಾಗಿದ್ದು ಸ್ವಲ್ಪ ಹೊತ್ತು ತಾಳುತ್ತದೆ. ವಸಡುಗಳು ಕೆಂಪಾಗಿ ಸುಲಿಯುವುದು ಇದರ ಸಾಮಾನ್ಯ ಲಕ್ಷಣ. ಇದು ಕಣ್ಣಿಗೂ ಹಬ್ಬಬಹುದು. ಅಲ್ಲಿ ಗಾಯ ಮಾಯುವಾಗ ಉಳಿಯುವ ಕಲೆಗಳು ದೃಷ್ಟಿಯನ್ನೇ ಕಸಿದುಕೊಳ್ಳಬಹುದು. ವಸಡಿನ ಗಾಯವನ್ನು ಸಕಾಲದಲ್ಲಿ ಗುರುತಿಸಿದ ದಂತವೈದ್ಯನು ರೋಗಿಯ ಕಣ್ಣನ್ನು ಉಳಿಸಿದನೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಕಾರಣವನ್ನು ಅರಿತರೆ ಪರಿಹಾರದ ದಾರಿಯೂ ಕಾಣುತ್ತದೆ. 1950ಕ್ಕೆ ಮೊದಲು ಪೆಂಫಿಗಸ್ ಬಂದವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. ಸುಲಿದ ಮೈಯಿಂದ ದ್ರವ ಸೋರಿ, ರೋಗಾಣುಗಳು ಒಳನುಗ್ಗಿ, ಉಣ್ಣಲಾರದೆ ಅವರು ಬಳಲುತ್ತಿದ್ದರು. 1950ರ ದಶಕದಲ್ಲಿ ಬಳಕೆಗೆ ಬಂದ ಸ್ಟೀರಾಯ್ಡ್ ಔಷಧಗಳು ರಕ್ಷಣಾ ವ್ಯವಸ್ಥೆಯ ಆರ್ಭಟವನ್ನು ತಗ್ಗಿಸಿ ಅಸಂಖ್ಯಾತ ಜನರ ಪ್ರಾಣವನ್ನು ಉಳಿಸಿದುವು. ಆದರೆ ಅವನ್ನು ದೀರ್ಘಕಾಲ ಸೇವಿಸಿದರೆ ಮೂಳೆ ಸವೆಯುತ್ತದೆ, ರಕ್ತದ ಸಕ್ಕರೆ ಏರುತ್ತದೆ, ಸೋಂಕುಗಳು ಸುಲಭವಾಗಿ ತಗಲುತ್ತವೆ. 1980ರ ದಶಕದ ಆರಂಭದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಜೆ. ಎಸ್. ಪಸ್ರೀಚಾ ಅವರು ಹೊಸ ಕ್ರಮವೊಂದನ್ನು ಆರಂಭಿಸಿದರು. ಸ್ಟೀರಾಯ್ಡನ್ನು ನಿತ್ಯವೂ ಕೊಡುವುದಕ್ಕೆ ಬದಲಾಗಿ, 28 ದಿನಗಳಿಗೊಮ್ಮೆ ಮೂರು ದಿನ ದೊಡ್ಡ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಕೊಟ್ಟು, ಅದರೊಡನೆ ಸೈಕ್ಲೊಫಾಸ್ಫಮೈಡ್ ಎಂಬ ಔಷಧವನ್ನು ಸೇರಿಸುವುದು ಆ ಕ್ರಮ. ಭಾರತದ ಸಾವಿರಾರು ರೋಗಿಗಳಿಗೆ ಅದು ಆಸರೆಯಾಯಿತು.

ಸ್ವಪ್ರತಿಕಾಯವೇ ಕಾರಣವೆಂದು ಸಿದ್ಧವಾದ ಮೇಲೆ, ಅದನ್ನು ತಯಾರಿಸುವ ಮೂಲಕ್ಕೇ ಕೈಹಾಕುವುದು ಸಾಧ್ಯವಾಯಿತು. ಪ್ರತಿಕಾಯಗಳನ್ನು ಉಂಟುಮಾಡುವ ‘ಬಿ’ ಜಾತಿಯ ಬಿಳಿಯ ಕಣಗಳನ್ನು ತೊಡೆದುಹಾಕುವ ರಿಟುಕ್ಸಿಮ್ಯಾಬ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕವು ಪೆಂಫಿಗಸ್ ಚಿಕಿತ್ಸೆಗಾಗಿ ಒಪ್ಪಿಗೆ ನೀಡಿತು. ಸ್ವಾರಸ್ಯವೆಂದರೆ ಈ ಔಷಧವೂ ಒಂದು ಪ್ರತಿಕಾಯವೇ! ದಾರಿ ತಪ್ಪಿದ ಕಾವಲುಗಾರನನ್ನು ಹಿಡಿಯಲು ಇನ್ನೊಬ್ಬ ಕಾವಲುಗಾರನನ್ನೇ ನಿಯಮಿಸಿದಂತಾಯಿತು. ಆದರೆ ಇದು ಒಳ್ಳೆಯ ‘ಬಿ’ ಕಣಗಳನ್ನೂ ಬಿಡುವುದಿಲ್ಲ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಸಂಶೋಧಕರು, ಡೆಸ್ಮೊಗ್ಲೀನ್ 3ರ ವಿರುದ್ಧ ಕೆಲಸ ಮಾಡುವ ಕಣಗಳನ್ನು ಮಾತ್ರ ಹುಡುಕಿ ಕೊಲ್ಲುವ ಉಪಾಯವನ್ನು ಇಲಿಗಳಲ್ಲಿ ತೋರಿಸಿದರು. ಬೇಲಿಯನ್ನೆಲ್ಲ ಕಿತ್ತುಹಾಕದೆ, ಹೊಲ ಮೇಯುವ ಮುಳ್ಳನ್ನು ಮಾತ್ರ ಕತ್ತರಿಸುವ ಪ್ರಯತ್ನವಿದು.

ಈ ರೋಗ ವಿರಳವಾದುದು. ಆದರೂ ಇದನ್ನು ನಾವು ತಿಳಿದಿರಬೇಕಾದುದಕ್ಕೆ ಕಾರಣಗಳುಂಟು. ಪೆಂಫಿಗಸ್ ಆಗಲಿ ಪೆಂಫಿಗಾಯ್ಡ್ ಆಗಲಿ ಅಂಟುರೋಗವಲ್ಲ. ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವುದು, ಆತನನ್ನು ಪಂಕ್ತಿಯಿಂದ ದೂರ ಕೂರಿಸುವುದು ಅಜ್ಞಾನವಷ್ಟೇ ಅಲ್ಲ, ಅಮಾನವೀಯವೂ ಹೌದು. ಉಣ್ಣಲಾರದೆ ನೊಂದಿರುವವನಿಗೆ ಮೆತ್ತನೆಯ, ಖಾರವಿಲ್ಲದ ಅನ್ನವನ್ನು ಆರಿಸಿ ಬಡಿಸುವುದು ಮನೆಯವರು ಮಾಡಬಹುದಾದ ದೊಡ್ಡ ಸೇವೆ. ಎರಡು ವಾರಗಳಾದರೂ ಮಾಯದ ಬಾಯಿಹುಣ್ಣನ್ನು, ಅದು ಯಾವುದೇ ಆಗಿರಲಿ, ವೈದ್ಯರಿಗೆ ತೋರಿಸಲೇಬೇಕು. ಸ್ಟೀರಾಯ್ಡ್ ಸೇವಿಸುತ್ತಿರುವವರು ಗುಣವಾಯಿತೆಂದು ಭಾವಿಸಿ ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಒದಗಬಹುದು.

ಕತ್ತಲೆಯಲ್ಲಿ ಮಿನುಗಿದ ಹಸಿರು ಬಲೆಯೊಂದು ಈ ಕಥೆಗೆ ತಿರುವು ಕೊಟ್ಟಿತು. ಅದನ್ನು ಕಂಡವರು ಅಲ್ಲಿಗೇ ತೃಪ್ತರಾಗಿ ಕೈಕಟ್ಟಿ ಕುಳಿತಿದ್ದರೆ ಸಂದೇಹ ಸಂದೇಹವಾಗಿಯೇ ಉಳಿಯುತ್ತಿತ್ತು. ‘ಇದು ಜೊತೆಯಲ್ಲಿದೆ ಎಂದ ಮಾತ್ರಕ್ಕೆ ಇದೇ ಕಾರಣವೆ?’ ಎಂದು ಅವರು ತಮ್ಮನ್ನು ತಾವೇ ಕೇಳಿಕೊಂಡರು. ಆ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹಲವು ದೇಶಗಳ ಜನ ಹಲವು ದಶಕಗಳ ಕಾಲ ದುಡಿದರು. ಒಂದು ಕಾಲಕ್ಕೆ ಸಾವಿನ ಕರೆಯಾಗಿದ್ದ ಗುಳ್ಳೆಯನ್ನು ಇಂದು ಹತೋಟಿಗೆ ತರಬಹುದಾಗಿರುವುದು ಆ ದುಡಿಮೆಯ ಫಲ.

ಪದಗಳ ಅರ್ಥ

ಒಳಪೊರೆ – ಬಾಯಿ ಮೊದಲಾದ ಅವಯವಗಳ ಒಳಗಿನ ತೇವವುಳ್ಳ ಹೊದಿಕೆ
ತಳಪೊರೆ – ಜೀವಕೋಶಗಳ ಕೆಳಸಾಲು ನಿಲ್ಲುವ ತೆಳುವಾದ ಹಾಸು
ಪ್ರತಿಕಾಯ – ರೋಗಾಣು ಮೊದಲಾದವನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನು
ಸ್ವಪ್ರತಿಕಾಯ – ತನ್ನ ದೇಹದ ಅಂಶವನ್ನೇ ಹಿಡಿಯುವ ಪ್ರತಿಕಾಯ
ಮಾಸು – ಗರ್ಭದಲ್ಲಿ ತಾಯಿಯನ್ನೂ ಶಿಶುವನ್ನೂ ಕೂಡಿಸುವ ಅಂಗ
ಕವೆಗೋಲು – ತುದಿಯಲ್ಲಿ ಎರಡಾಗಿ ಸೀಳಿದ ಕೋಲು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಜೀವಕೋಶಗಳು ಪರಸ್ಪರ ಹಿಡಿದುಕೊಂಡಿರುವ ಗಂಟಿಗೆ ಏನೆಂದು ಹೆಸರು?
2. ಪೆಂಫಿಗಸ್ ಮತ್ತು ಪೆಂಫಿಗಾಯ್ಡ್ ಬೇರೆ ಬೇರೆ ರೋಗಗಳೆಂದು ತೋರಿಸಿದವರು ಯಾರು?
3. ಡೆಸ್ಮೊಗ್ಲೀನ್ 3 ಪ್ರತಿಕಾಯದ ಗುರಿಯೆಂದು ತಿಳಿದುಬಂದುದು ಯಾವ ವರ್ಷದಲ್ಲಿ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಬಾಯ್ಟ್ನರ್ ಮತ್ತು ಜೋರ್ಡನ್ ಅವರ ಪ್ರಯೋಗವನ್ನು ವಿವರಿಸಿರಿ.
2. ಸಾಮಾನ್ಯ ಪೆಂಫಿಗಸ್ ಬಾಯಿಯಲ್ಲಿಯೇ ಮೊದಲು ಕಾಣಿಸಿಕೊಳ್ಳುವುದೇಕೆ?
3. ಪೆಂಫಿಗಸ್ಸಿನ ಗುಳ್ಳೆ ಬೇಗ ಒಡೆಯುತ್ತದೆ, ಪೆಂಫಿಗಾಯ್ಡಿನದು ಸ್ವಲ್ಪ ಹೊತ್ತು ತಾಳುತ್ತದೆ. ಕಾರಣವೇನು?
4. 1982ರ ಪ್ರಯೋಗದಲ್ಲಿ ಆರೋಗ್ಯವಂತರ ಪ್ರತಿಕಾಯಗಳನ್ನೂ ಇಲಿಮರಿಗಳಿಗೆ ಚುಚ್ಚಿದ ಉದ್ದೇಶವೇನು?

ಇ) ಸಂದರ್ಭವನ್ನು ತಿಳಿಸಿ ವಿವರಿಸಿರಿ:
1. “ಅವನು ಬೆಂಕಿ ಆರಿಸಲು ಬಂದವನೂ ಆಗಿರಬಹುದು.”
2. “ಹೊಸದಾಗಿ ಹುಟ್ಟಿದ ಮಗುವಿಗೆ ತಾಯಿ ಕೊಡುವ ಮೊದಲ ಕಾಣಿಕೆ ಅದು.”

ಈ) ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿರಿ:
ಮತ್ತೊಂದು, ಅತ್ಯಲ್ಪ, ಅತಿಶಯೋಕ್ತಿ

ಉ) ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ಈ ಪಾಠದ ಆಧಾರದಿಂದ ವಿಸ್ತರಿಸಿ ಬರೆಯಿರಿ.